ತೋಟದ ಕ್ಯಾಂಪಿಗೆ ಮಡಿಚೋ ಚಾಕು: ಯಾವುದು ತಗೊಳ್ಳಲಿ?

ಬರೆದವರು: ಕೊರಟಗೆರೆ ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ತಿಂಗಳಿಗೆ ಒಂದೋ ಎರಡೋ ಸಲ ನಾಲ್ಕು ಜನ ಸೇರಿ ಕೊರಟಗೆರೆ ಹತ್ತಿರ ಗೆಳೆಯನ ತೋಟದಲ್ಲಿ ಟೆಂಟ್ ಹಾಕ್ತೀವಿ. ಬೆಳಗ್ಗೆ ಸಿದ್ದರಬೆಟ್ಟವೋ ಚನ್ನರಾಯನದುರ್ಗವೋ ಹತ್ತಿ ಇಳಿಯೋದು, ಸಂಜೆ ತೋಟಕ್ಕೆ ಬಂದು ಮೂರು ಕಲ್ಲು ಇಟ್ಟು ಒಲೆ ಹೂಡೋದು.

ಇಲ್ಲೀವರೆಗೆ ಅಮ್ಮನ ಅಡುಗೆಮನೆ ಚಾಕುವನ್ನೇ ಪೇಪರಲ್ಲಿ ಸುತ್ತಿ ಒಯ್ತಿದ್ದೆ. ಹೋದ ಸಲ ಅದು ಪೇಪರ್ ಸೀಳಿ, ಮಡಿಸಿಟ್ಟಿದ್ದ ರೇನ್‌ಕೋಟ್ ಸೀಳಿ, ಬ್ಯಾಗಿನ ಬದಿಯಿಂದ ಮೊನೆ ಹೊರಗೆ ಹಾಕಿಕೊಂಡು ಕೂತಿತ್ತು. ಬೈಕಲ್ಲಿ ನನ್ನ ಹಿಂದೆ ಕೂತಿದ್ದವನ ಹೊಟ್ಟೆಗೆ ಎರಡು ಬೆರಳು ದೂರ. ಅವನು ಇಳಿದ ಮೇಲೆ ನೋಡಿ ಏನೂ ಮಾತಾಡಲಿಲ್ಲ, ಬ್ಯಾಗನ್ನ ನನ್ನ ಕೈಗೆ ಕೊಟ್ಟು ವಾಪಸ್ ಬರುವಾಗ ಬೇರೆಯವನ ಬೈಕ್ ಹತ್ತಿದ.

ಅದಕ್ಕೇ ಮಡಿಚೋ ಚಾಕು. ಕೆಲಸ ಅಂದ್ರೆ: ಈರುಳ್ಳಿ ಟೊಮೆಟೊ ಹೆಚ್ಚೋದು, ಹಗ್ಗ ಕೊಯ್ಯೋದು, ಟೆಂಟಿಗೆ ಗೂಟ ಕೆತ್ತೋದು, ಒಣಕಡ್ಡಿ ಮೇಲೆ ಸುರುಳಿ ಸುರುಳಿಯಾಗಿ ಚಕ್ಕೆ ಎಬ್ಬಿಸಿ ಬೆಂಕಿ ಹತ್ತಿಸೋದು, ಆಗೀಗ ಸೌದೆ ಸೀಳೋದು. ವಿಡಿಯೋ ನೋಡಿ ಮರದ ಚಮಚ ಕೆತ್ತೋ ಹುಚ್ಚೂ ಹಿಡಿದಿದೆ.

ಮೂರು ಕಣ್ಣಿಗೆ ಬಿದ್ದಿವೆ. ಒಂದು, ಫ್ರಾನ್ಸಿನ ಓಪಿನೆಲ್ ಕಂಪನಿಯ ಮರದ ಹಿಡಿಯ 8ನೇ ನಂಬರ್ ಚಾಕು. ಎರಡು, ಗರಗಸ ಇರೋ ವಿಕ್ಟೋರಿನಾಕ್ಸ್, ಸ್ವಿಸ್ ಚಾಕು ಅಂತಾರಲ್ಲ ಅದು. ಮೂರು, ಪೂರ್ತಿ ಕಪ್ಪಗಿರೋ ಒಂದು ಭಾರಿ ಚಾಕು. ಅಲಗಿನ ಅರ್ಧ ಗರಗಸದ ಹಲ್ಲು, ಹಿಡಿಯ ಹಿಂದೆ ಕಾರಿನ ಗಾಜು ಒಡೆಯೋ ಮೊಳೆ, ಸೀಟ್ ಬೆಲ್ಟ್ ಕೊಯ್ಯೋ ಕೊಕ್ಕೆ, ಬೆಲ್ಟಿಗೆ ಸಿಕ್ಕಿಸೋ ಕ್ಲಿಪ್ಪು. ನಿಜ ಹೇಳ್ತೀನಿ, ಮನಸ್ಸು ಮೂರನೇದರ ಮೇಲೇ ಇದೆ. ಬಜೆಟ್ 3000ದ ಒಳಗೆ.

ಬಿಚ್ಚಿದ ಅಲಗು ಮಡಿಚಿಕೊಳ್ಳದ ಹಾಗೆ ಹಿಡಿಯೋ ಲಾಕ್ ಬೇಕೇ ಬೇಕಾ? ಉಕ್ಕು ಸ್ಟೇನ್‌ಲೆಸ್ಸಾ, ಕಾರ್ಬನ್ನಾ? ಬಸ್ಸಲ್ಲಿ ಒಯ್ದರೆ ತಕರಾರು ಇರುತ್ತಾ? ಬಳಸಿದವರು ಹೇಳಿ.

---

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಗುರು, ಎರಡನೇದು ತಗೋ, ಕಣ್ಣು ಮುಚ್ಚಿಕೊಂಡು. ನನ್ನ ಹತ್ರ ಅವರದೇ ಕ್ಯಾಂಪರ್ ಅನ್ನೋ ಮಾಡೆಲ್ ಇದೆ, ಮಡಿಚಿದಾಗ 91 ಮಿಲಿಮೀಟರ್ ಉದ್ದ, ಆರು ವರ್ಷ ಆಯ್ತು. ಚಾಕುಗಿಂತ ಅದರ ಗರಗಸ ಜಾಸ್ತಿ ಬಳಸಿದೀನಿ. ಹೆಬ್ಬೆರಳು ದಪ್ಪದ ಕಡ್ಡಿಯನ್ನ ಬೆಣ್ಣೆ ಥರ ಕೊಯ್ಯುತ್ತೆ. ಆದ್ರೆ ದೊಡ್ಡ ಅಲಗಿಗೆ ಲಾಕ್ ಇಲ್ಲ, ಸ್ಪ್ರಿಂಗ್ ಒತ್ತಡದಲ್ಲಿ ನಿಂತಿರುತ್ತೆ ಅಷ್ಟೆ. ಮೊನೆ ಊರಿ ತೂತು ಕೊರೆಯೋಕೆ ಹೋದ್ರೆ ಮಡಿಚಿಕೊಳ್ಳುತ್ತೆ. ಲಾಕ್ ಬೇಕಂದ್ರೆ 111 ಮಿಲಿಮೀಟರಿನ ಫಾರೆಸ್ಟರ್ ನೋಡು. ಅದರಲ್ಲಿ ಗರಗಸಾನೂ ಇದೆ, ಲಾಕೂ ಇದೆ. ಬೆಲೆ ನಿನ್ನ ಬಜೆಟ್ ದಾಟಬಹುದು.

ಇನ್ನೊಂದು ಮಾತು. ತೋಟದಲ್ಲಿ ಮಾಡ್ತೀಯ ಅಂದಿದ್ದಕ್ಕೆ ಖುಷಿ. ನಮ್ಮ ಸ್ಕಂದಗಿರಿ ಕಡೆ ಜನ ಚಾಕು ಹಿಡಿದು ಬಂದು ಹಸಿ ಗಿಡ ಕಡಿದು ಬೆಂಕಿ ಹಾಕ್ತಿದ್ರು. ಮೀಸಲು ಅರಣ್ಯದಲ್ಲಿ ಮರ ಕಡಿಯೋದು, ಬೆಂಕಿ ಹಾಕೋದು ಎರಡೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಬೆಟ್ಟ ಹತ್ತುವಾಗ ಚಾಕು ಬ್ಯಾಗಲ್ಲೇ ಇರಲಿ. ಕಿತ್ತಳೆ ಬಿಡಿಸೋಕೆ ಉಗುರು ಸಾಕು.

---

ಕುಲುಮೆ ಮನೆಯವ (ಮಧುಗಿರಿ)

ತಮ್ಮಾ, ಮೂರನೇದು ಬೇಡ. ಯಾಕೆ ಅಂತ ಕೊನೆಗೆ ಹೇಳ್ತೀನಿ, ಮೊದಲು ನನ್ನ ಬೆರಳಿನ ಕಥೆ ಕೇಳು.

ನಮ್ಮಪ್ಪ ಕಮ್ಮಾರ. ಲಾರಿ ಕಮಾನು ಪಟ್ಟಿ ಕಾಯಿಸಿ ಬಡಿದು ಮಚ್ಚು, ಕುಡುಗೋಲು ಮಾಡ್ತಿದ್ರು. ನಾನು ಕುಲುಮೆ ಬಿಟ್ಟು ಲೇತ್ ಹಿಡಿದೆ, ಈಗ ಮೂವತ್ತು ವರ್ಷ. ಹನ್ನೆರಡು ವರ್ಷದ ಹಿಂದೆ ಭಾವಮೈದ ಒಂದು ಮಡಿಚೋ ಚಾಕು ಉಡುಗೊರೆ ಕೊಟ್ಟ. ನೋಡೋಕೆ ನಿನ್ನ ಮೂರನೇದರ ಅಣ್ಣನಂಗೆ ಇತ್ತು. ಡಿಸೆಂಬರ್ ಚಳಿ, ಹೊಲದ ಮನೆಯಲ್ಲಿ ರಾತ್ರಿ ಕಾವಲು. ಮುಂಗೈ ದಪ್ಪದ ಬಳ್ಳಾರಿ ಜಾಲಿ ತುಂಡು ಸೀಳಬೇಕಿತ್ತು. ಮಚ್ಚು ಮನೇಲಿ ಮರೆತಿದ್ದೆ. ಚಾಕು ಬಿಚ್ಚಿ ಸೌದೆ ಮೇಲೆ ಇಟ್ಟು, ಅಲಗಿನ ಬೆನ್ನಿಗೆ ಇನ್ನೊಂದು ಕೊರಡಿಂದ ಬಡಿದೆ. ಮೂರು ಏಟಿಗೆ ಅರ್ಧ ಇಳೀತು. ನಾಲ್ಕನೇ ಏಟು ಮೊನೆ ಹತ್ರ ಬಿತ್ತು. ಟಕ್ ಅಂತ ಒಂದು ಸಣ್ಣ ಸದ್ದು. ಅಲಗು ಸೌದೆಯಲ್ಲೇ ಇತ್ತು, ಹಿಡಿ ಮಾತ್ರ ನನ್ನ ಕೈ ಸಮೇತ ಅಲಗಿನ ಕಡೆಗೆ ಮಡಿಚಿಕೊಂಡಿತ್ತು. ತೋರುಬೆರಳಿಗೆ ನಾಲ್ಕು ಹೊಲಿಗೆ. ಈಗಲೂ ಚಳಿಗಾಲದಲ್ಲಿ ಆ ಬೆರಳಿನ ತುದಿ ಜೋಮು ಹಿಡಿಯುತ್ತೆ.

ನಮ್ಮಪ್ಪ ಬೆಳಗ್ಗೆ ಬಂದವರು ಬೆರಳು ನೋಡಲಿಲ್ಲ, ಚಾಕು ಕೇಳಿದ್ರು. ಬಿಚ್ಚಿ ಬೆಳಕಿಗೆ ಹಿಡಿದ್ರು. ಒಳಗಡೆ ಒಂದು ತೆಳು ತಗಡು ಇರುತ್ತಲ್ಲ, ಅಲಗು ಬಿಚ್ಚಿದ ಕೂಡ್ಲೆ ಪಕ್ಕಕ್ಕೆ ಜರುಗಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲೋದು, ಅದೇ ಲೈನರ್ ಲಾಕ್. ಅದು ಅಲಗಿಗೆ ತಾಗೋ ಜಾಗ ಒಂದು ಅಕ್ಕಿ ಕಾಳಿನಷ್ಟು. ಆ ಅಕ್ಕಿ ಕಾಳಿನ ಮೂಲೆ ಸವೆದು ನುಣ್ಣಗಾಗಿತ್ತು. ಅಪ್ಪ ಹೇಳಿದ್ದು ಇಷ್ಟೆ: "ಕೀಲು ಮಡಿಚೋಕೆ ಇರೋದು ಕಣ್ಲಾ, ಏಟು ತಿನ್ನೋಕಲ್ಲ."

ಹಂಗಾಗಿ ನಿನ್ನ ಪಟ್ಟಿಯಿಂದ ಸೌದೆ ಸೀಳೋದನ್ನ ತೆಗೆದು ಹಾಕು. ಯಾವ ಕಂಪನಿ, ಯಾವ ಲಾಕ್ ಆದ್ರೂ ಸೈ, ಅಲಗಿನ ತುದಿಗೆ ಏಟು ಬಿದ್ರೆ ಅದು ಮಡಿಚೋ ದಿಕ್ಕಿಗೇ ತಳ್ಳುತ್ತೆ. ತಡೆಯೋಕಿರೋದು ಆ ಲಾಕ್ ಒಂದೇ. ಸೀಳೋಕೆ ತೋಟದ ಮಚ್ಚು ಐತಲ್ಲ! ತೆಂಗಿನ ತೋಟದಲ್ಲಿ ಟೆಂಟ್ ಹಾಕಿ ಮಚ್ಚಿಲ್ಲ ಅನ್ನೋನನ್ನ ನಾನು ಕಾಣೆ. ಸೀಳೋದು ಮಚ್ಚಿಗೆ ಬಿಟ್ಟ ಮೇಲೆ ಮಡಿಚೋ ಚಾಕುಗೆ ಉಳಿಯೋದು ಕೊಯ್ಯೋದು, ಕೆತ್ತೋದು, ಹೆಚ್ಚೋದು. ಅದಕ್ಕೆ ಅಲಗು ತೆಳ್ಳಗಿದ್ದಷ್ಟೂ ಚೆಂದ. ಓಪಿನೆಲ್ 8ರ ಅಲಗು ಎರಡು ಮಿಲಿಮೀಟರಿಗಿಂತ ತೆಳು, ಉದ್ದ ಎಂಟೂವರೆ ಸೆಂಟಿಮೀಟರ್. ಟೊಮೆಟೊ ಹೆಚ್ಚಿದ್ರೆ ರಸ ಬರಲ್ಲ. ನಿನ್ನ ಕಪ್ಪು ಚಾಕು ಮೂರೂವರೆ ನಾಕು ಮಿಲಿಮೀಟರ್ ದಪ್ಪ ಇರುತ್ತೆ. ಅದು ಈರುಳ್ಳಿ ಹೆಚ್ಚಲ್ಲ, ಸೀಳುತ್ತೆ.

ಉಕ್ಕಿನ ವಿಚಾರ. ಜಾಹೀರಾತಲ್ಲಿ ಡಿ2 ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ. ಡಿ2 ಅಂದ್ರೆ ನಮ್ಮ ಲೇತ್ ಅಂಗಡಿಗೆ ಹೊಸದಲ್ಲ, ಪಂಚು, ಡೈ ಮಾಡೋ ಉಕ್ಕು. ಗಟ್ಟಿ, ಹರಿತ ಬೇಗ ಹೋಗಲ್ಲ, ನಿಜ. ಆದ್ರೆ ಮೊಂಡಾದ ಮೇಲೆ ಮಸೆಯೋದು ಕಷ್ಟ, ಸಾಮಾನ್ಯ ಕಲ್ಲಲ್ಲಿ ಬಹಳ ಹೊತ್ತು ಹಿಡಿಯುತ್ತೆ. ಕ್ರೋಮಿಯಂ 12 ಪರ್ಸೆಂಟ್ ಇದ್ರೂ ಅದರಲ್ಲಿ ಸಾಕಷ್ಟು ಭಾಗ ಕಾರ್ಬನ್ ಜೊತೆ ಸೇರಿ ಕೂತಿರೋದರಿಂದ ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಬೆವರಿಗೆ ಚುಕ್ಕೆ ಬೀಳುತ್ತೆ. ವಿಕ್ಟೋರಿನಾಕ್ಸಿನವರು ರಾಕ್‌ವೆಲ್ 56ಕ್ಕೆ ಹದ ಮಾಡ್ತಾರೆ, ರಾಕ್‌ವೆಲ್ ಅಂದ್ರೆ ಉಕ್ಕಿನ ಗಡಸುತನ ಅಳೆಯೋ ಲೆಕ್ಕ. ಕೇಳೋಕೆ ಕಮ್ಮಿ ಅನ್ಸುತ್ತೆ, ಆದ್ರೆ ಐದು ನಿಮಿಷ ಕಲ್ಲಿಗೆ ಉಜ್ಜಿದ್ರೆ ಮತ್ತೆ ಹರಿತ. ತೋಟದಲ್ಲಿ ಕೂತು ಕೆಲಸ ಮಾಡೋನಿಗೆ ಅದೇ ಸರಿ.

ಈಗ ಮೂರನೇದು ಯಾಕೆ ಬೇಡ. ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ಗೂಟ ಕೆತ್ತೋ ಹಂಗೆ ಗಾಳಿಯಲ್ಲಿ ಆಡಿಸು. ಮರ ಕೆತ್ತುವಾಗ ಬಲ ಬರೋದು ಅಲಗಿನ ಬುಡದಲ್ಲಿ, ಹಿಡಿಯ ಪಕ್ಕದಲ್ಲೇ. ಆ ಜಾಗದಲ್ಲಿ ಅವರು ಗರಗಸದ ಹಲ್ಲು ಇಟ್ಟವ್ರೆ! ಚಕ್ಕೆ ಎಬ್ಬಿಸೋಕೆ ಹೋದ್ರೆ ಹಲ್ಲು ಕಚ್ಚಿ ಕಡ್ಡಿ ಮುರೀತದೆ. ಹತ್ತು ನಿಮಿಷ ಕೆತ್ತಿದ್ರೆ ಆ ಕ್ಲಿಪ್ಪು ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತೆ. ಗಾಜು ಒಡೆಯೋ ಮೊಳೆ ಇದೆ ಅಂತೀಯ, ತೋಟದಲ್ಲಿ ಯಾವ ಕಾರು ಮುಳುಗ್ತಿದೆ?

---

ಕೊರಟಗೆರೆ ಕಡೆಯವ

ಅಣ್ಣಾ, ಬೆರಳಿನ ಕಥೆ ಓದಿ ನನ್ನ ಬೆರಳು ಜುಂ ಅಂತು. ಮೂರನೇದನ್ನ ಕಾರ್ಟಿಂದ ತೆಗೆದೆ.

ಆದ್ರೆ ಒಂದು ಅನುಮಾನ. ಓಪಿನೆಲ್‌ಗೂ ಕೀಲೇ ತಾನೆ? ಅದರ ಉಂಗುರದ ಲಾಕ್ ನಂಬಬಹುದಾ? ಮತ್ತೆ ಮರದ ಹಿಡಿ ಮಳೆಗೆ ಉಬ್ಬುತ್ತೆ ಅಂತ ಎಲ್ಲರೂ ಬರೀತಾರೆ. ನಮ್ಮ ತೋಟಕ್ಕೆ ಅಡಿಕೆ ಸಾಲಿನ ನೀರು, ಮಂಜು, ಸದಾ ಒದ್ದೆ. ಇನ್ನೊಂದು, ನಮ್ಮ ಗುಂಪಲ್ಲಿ ಒಬ್ಬ "ಚಿರತೆ ಬಂದ್ರೆ ಈ ಪುಟಾಣಿ ಚಾಕು ಸಾಕಾ" ಅಂತ ಕೇಳ್ತಿದಾನೆ. ಅವನಿಗೆ ಏನು ಹೇಳ್ಲಿ?

---

ನಂದಿ ತಪ್ಪಲು

ಚಿರತೆಗೆ ಯಾವ ಚಾಕೂ ಸಾಕಾಗಲ್ಲ ಅಂತ ಹೇಳು. ಉಳಿದ ಮಾಂಸ, ಮೂಳೆ ಟೆಂಟ್ ಹತ್ರ ಬಿಸಾಡಬೇಡಿ, ನಾಯಿ ಕಟ್ಟಿಹಾಕಿಕೊಂಡು ಮಲಗಬೇಡಿ, ರಾತ್ರಿ ಒಬ್ಬೊಬ್ಬರೇ ಆಚೆ ಹೋಗಬೇಡಿ, ಟಾರ್ಚ್ ಇರಲಿ. ಸಿದ್ದರಬೆಟ್ಟದ ಕಡೆ ಕರಡಿ ಕಾಟಾನೂ ಇದೆ, ಬಂಡೆ ಸಂದೀಲಿ ಸದ್ದು ಮಾಡ್ತಾ ನಡೀರಿ. ಚಾಕು ಈರುಳ್ಳಿಗೆ.

---

ಮಾವಿನ ತೋಪು (ಶ್ರೀನಿವಾಸಪುರ, ಕೋಲಾರ)

ನಾನು ಓಪಿನೆಲ್ 8 ನಾಲ್ಕು ವರ್ಷದಿಂದ ಬಳಸ್ತಿದೀನಿ, ಎರಡು ಕೊಂಡಿದೀನಿ. ಮೊದಲನೇದು ಯಾಕೆ ಕೈ ಬಿಟ್ಟೆ ಅಂತ ಹೇಳಿದ್ರೆ ನಿಮ್ಮ ಕಾರ್ಬನ್ ಪ್ರಶ್ನೆಗೆ ಉತ್ತರ ಸಿಗುತ್ತೆ.

ಮೊದಲು ತಗೊಂಡಿದ್ದು ಕಾರ್ಬನ್ ಉಕ್ಕಿಂದು. ಇದರಷ್ಟು ಹರಿತ ಇನ್ಯಾವುದೂ ಆಗಲ್ಲ ಅಂತ ಓದಿದ್ದೆ. ಹರಿತ ಏನೋ ನಿಜವೇ. ಆದ್ರೆ ನಮ್ಮದು ಮಾವಿನ ಊರು. ಏಪ್ರಿಲ್‌ನಲ್ಲಿ ಮಕ್ಕಳನ್ನ ಕರ್ಕೊಂಡು ಅಂತರಗಂಗೆ ಬೆಟ್ಟಕ್ಕೆ ಹೋಗಿದ್ವಿ. ಬಂಡೆ ನೆರಳಲ್ಲಿ ಕೂತು ತೋತಾಪುರಿ ಕಾಯಿ ಹೋಳು ಮಾಡಿ ಉಪ್ಪು ಖಾರ ಹಚ್ಚಿ ಕೊಟ್ಟೆ. ಎರಡನೇ ಕಾಯಿಗೆ ಬರೋ ಹೊತ್ತಿಗೆ ಅಲಗು ನೀಲಿ, ಬೂದಿ, ಕಪ್ಪು, ಎಲ್ಲಾ ಬಣ್ಣ ತಿರುಗಿತ್ತು. ಹೋಳಿನ ಅಂಚಲ್ಲೂ ಕಪ್ಪು ಗೆರೆ. ಮಗಳು ಕಚ್ಚಿ "ಅಮ್ಮಾ, ಕಿಟಕಿ ಕಂಬಿ ನೆಕ್ಕಿದ ಹಾಗಿದೆ" ಅಂತ ಉಗಿದಳು. ಆ ಬಣ್ಣ ತುಕ್ಕಲ್ಲ, ಅದು ಕೂತ ಮೇಲೆ ಕೆಂಪು ತುಕ್ಕು ಸ್ವಲ್ಪ ತಡವಾಗಿ ಬರುತ್ತೆ ಅಂತಾನೇ ಕೆಲವರು ಹುಣಸೆಹುಳಿ, ವಿನೆಗರ್ ಹಚ್ಚಿ ಬೇಕಂತಲೇ ಬಣ್ಣ ಬರಿಸ್ತಾರೆ. ನನಗೆ ಹುಳಿ ಜೊತೆ ಕಬ್ಬಿಣದ ರುಚಿ ಬೇಡ.

ಅದನ್ನ ಪೂರ್ತಿ ಮುಗಿಸಿದ್ದು ಆಯುಧಪೂಜೆ. ನಮ್ಮತ್ತೆ ಟ್ರಾಕ್ಟರು, ಕುಡುಗೋಲು, ಈಳಿಗೆಮಣೆ ಜೊತೆ ನನ್ನ ಚಾಕುವನ್ನೂ ತೊಳೆದು, ಅರಿಶಿನ ಕುಂಕುಮ ಇಟ್ಟು, ಅದರಲ್ಲೇ ನಿಂಬೆಹಣ್ಣು ಕೊಯ್ದು ದೃಷ್ಟಿ ತೆಗೆದು, ಹಾಗೇ ಮಡಿಚಿ ದೇವರ ಮುಂದೆ ಇಟ್ಟಿದ್ರು. ಮೂರು ದಿನ ನಾನೂ ನೋಡಲಿಲ್ಲ. ತೆಗೆಯೋಕೆ ಹೋದ್ರೆ ಬರಲೇ ಇಲ್ಲ. ಒಳಗೆ ಒದ್ದೆ ಕುಂಕುಮ, ನಿಂಬೆ ರಸ, ಮರ ಉಬ್ಬಿದೆ, ಅಲಗಿನ ಮೇಲೆ ರಾಗಿ ಕಾಳಿನಷ್ಟು ದಪ್ಪದ ಕೆಂಪು ಚುಕ್ಕೆಗಳು. ಅತ್ತೆಗೆ ಹೇಳೋ ಹಾಗೂ ಇಲ್ಲ!

ಎರಡನೇದು ಸ್ಟೇನ್‌ಲೆಸ್ ತಗೊಂಡೆ. ಉಕ್ಕಿನ ಹೆಸರು 12ಸಿ27, ಸ್ವೀಡನ್ ಕಡೆಯದು. ಹರಿತದಲ್ಲಿ ಕೂದಲೆಳೆ ವ್ಯತ್ಯಾಸ, ನನ್ನ ಕೈಗೆ ತಿಳಿಯೋದೇ ಇಲ್ಲ. ನಿಮ್ಮ ತೋಟ ಒದ್ದೆ ಅಂತ ಬೇರೆ ಹೇಳ್ತಿದೀರಿ. ಕಾರ್ಬನ್ ಯೋಚನೆ ಬಿಡಿ.

ಉಂಗುರದ ವಿಷಯ: ಅದು ಕೀಲಿನ ಸುತ್ತ ಇರೋ ಲೋಹದ ಬಳೆ, ಅದರಲ್ಲಿ ಒಂದು ಸೀಳು. ಅಲಗು ಬಿಚ್ಚಿ ಬಳೆ ತಿರುಗಿಸಿದ್ರೆ ಸೀಳು ಪಕ್ಕಕ್ಕೆ ಹೋಗಿ, ಬಳೆ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತೆ. 1955ರಲ್ಲಿ ಬಂದ ಉಪಾಯ, ಸಣ್ಣ ಬದಲಾವಣೆ ಬಿಟ್ರೆ ಇವತ್ತಿಗೂ ಅದೇ. ಮಡಿಚಿದಾಗಲೂ ತಿರುಗಿಸಿ ಬೀಗ ಹಾಕಬಹುದು, ಬ್ಯಾಗಲ್ಲಿ ತಾನಾಗೇ ಬಿಚ್ಚಿಕೊಳ್ಳಲ್ಲ. ನಿಮ್ಮ ರೇನ್‌ಕೋಟ್ ಕಥೆಗೆ ಇದೇ ಮದ್ದು. ಆದ್ರೆ ತಿರುಗಿಸೋದು ನೀವೇ, ಅದು ತಾನಾಗಿ ಬೀಳೋ ಲಾಕಲ್ಲ. ಮರೆತು ಕೆತ್ತೋಕೆ ಶುರು ಮಾಡಿದ್ರೆ ಲಾಕ್ ಇಲ್ಲದ ಚಾಕುನೇ. ಮೊದಲ ತಿಂಗಳು ನಾನು ಎರಡು ಸಲ ಮರೆತಿದ್ದೆ.

ಉಬ್ಬಿ ಸಿಕ್ಕಿಕೊಂಡ್ರೆ ಬಳೆ ಬಿಚ್ಚೋ ಕಡೆ ತಿರುಗಿಸಿ, ಹಿಡಿಯ ಹಿಂಭಾಗವನ್ನ ಕಲ್ಲಿಗೆ ಟಕ್ ಅಂತ ಕುಟ್ಟಿ. ಅಲಗು ಉಗುರಿಗೆ ಸಿಗೋವಷ್ಟು ಮೇಲೆ ಬರುತ್ತೆ. ಅದರ ಊರಿನವರೂ ಹೀಗೇ ಕುಟ್ಟಿ ತೆಗೆಯೋದಂತೆ. ಒಳ ಸಂದಿಗೆ ಮರಳು ಕಾಗದ ಮಡಿಚಿ ಎರಡು ಸಲ ಎಳೆದು, ಅಗಸೆ ಎಣ್ಣೆ ಕುಡಿಸಿ ಒಂದು ದಿನ ಬಿಟ್ರೆ ಆಮೇಲೆ ಅಷ್ಟು ಉಬ್ಬಲ್ಲ.

ಕೊಳ್ಳುವಾಗ ನೋಡಿಕೊಳ್ಳಿ, ನಕಲಿ ಬಹಳ ಇದೆ. ಅಲಗಿನ ಮೇಲೆ ಕಿರೀಟ ಮತ್ತು ಕೈ ಗುರುತು ಇರುತ್ತೆ. ಅದು ಮಸಕಾಗಿದ್ರೆ, ಬಳೆ ಗಡಗಡ ಅಂದ್ರೆ ವಾಪಸ್ ಕೊಡಿ. ಮಕ್ಕಳಿಗೆ ಬೇಕಂದ್ರೆ ಮೊನೆ ದುಂಡಗಿರೋ 7ನೇ ನಂಬರ್ ಒಂದು ಬರುತ್ತೆ. ನನ್ನ ಮಗ ಎಡಗೈಯವನು. ಬೆರಳಿಂದ ತಗಡು ತಳ್ಳೋ ಲಾಕ್‌ಗಳು ಬಲಗೈ ಹೆಬ್ಬೆರಳಿಗೆ ಅಂತಲೇ ಮಾಡಿರೋದು, ಅವನು ಒದ್ದಾಡ್ತಾನೆ. ಈ ಬಳೆಗೆ ಆ ರಗಳೆ ಇಲ್ಲ.

---

ಕುಲುಮೆ ಮನೆಯವ

ತಾಯಿ, ನಿಂಬೆಹಣ್ಣಿನ ಕಥೆಗೆ ಎರಡು ಸಲ ನಕ್ಕೆ. ನಮ್ಮ ಕುಲುಮೇಲೂ ಆಯುಧಪೂಜೆ ಮಾರನೇ ದಿನದ ಮೊದಲ ಕೆಲಸ ಕುಂಕುಮ ಒರೆಸಿ ಎಣ್ಣೆ ಹಚ್ಚೋದೇ.

ತಮ್ಮಾ, ಉಂಗುರ ನಂಬಬಹುದು, ಕೊಯ್ಯೋ ಕೆಲಸಕ್ಕೆ. ಏಟಿಗೆ ಅಲ್ಲ. ಮತ್ತೊಂದು, ಸೀಳಿನಲ್ಲಿ ಅಲಗು ಸಿಕ್ಕಿಸಿ ಪಕ್ಕಕ್ಕೆ ಮೀಟಬೇಡ. ಬಿದಿರು ಕೆತ್ತುವಾಗ ಎಲ್ಲರೂ ಮಾಡೋ ತಪ್ಪು ಅದು. ತೆಳು ಅಲಗು, ಬಿದಿರಿನ ಗಿಣ್ಣಲ್ಲಿ ತಿರುಚಿದ್ರೆ ಅದರ ಬಾಯಿಯಿಂದ, ಅಂದ್ರೆ ಹರಿತದ ಅಂಚಿಂದ, ಅರ್ಧ ಚಂದ್ರದ ಥರ ಚೂರು ಎದ್ದು ಬರುತ್ತೆ.

ಚಾಕು ಬಂದ ಮೇಲೆ ಮಸೆಯೋದು ಕಲಿ. ಬೀದಿಲಿ ಸೈಕಲ್ ಮೇಲೆ ಸಾಣೆ ಹಿಡಿಯೋರಿಗೆ ಕೊಡಬೇಡ. ಅವರ ಹೊಟ್ಟೆಪಾಡಿನ ಮೇಲೆ ನನಗೆ ಗೌರವ ಐತೆ, ಈಳಿಗೆಮಣೆಗೆ, ಕತ್ತರಿಗೆ ಅದು ಸರಿ. ಆದ್ರೆ ಒಣ ಚಕ್ರ, ತೆಳು ಅಲಗು. ಕಿಡಿ ಹಾರ್ತಾ ಇರುವಾಗ ಅಂಚಿನ ಬಣ್ಣ ನೋಡು. ಮೊದಲು ಗೋದಿ ಬಣ್ಣ, ಆಮೇಲೆ ಕಂದು, ಆಮೇಲೆ ನವಿಲು ಕತ್ತಿನ ನೀಲಿ. ನೀಲಿ ಅಂದ್ರೆ ಹತ್ರ ಹತ್ರ 300 ಡಿಗ್ರಿ. ಅಷ್ಟು ಕಾದ ಅಂಚಿನ ಹದ ಹೋಯ್ತು ಅಂತ. ನಮ್ಮಪ್ಪ ಮಚ್ಚಿನ ಬೆನ್ನಿಗೆ ನೀಲಿ ಬರಿಸ್ತಿದ್ರು, ಬಾಗಿದ್ರೂ ಮುರೀಬಾರದು ಅಂತ. ಬಾಯಿಗೆ ಗೋದಿ ಬಣ್ಣ ಬಂದ ಕೂಡ್ಲೆ ನೀರಿಗೆ ಹಾಕ್ತಿದ್ರು. ಅರ್ಧ ಕ್ಷಣ ತಡ ಆದ್ರೆ ಮತ್ತೆ ಮೊದಲಿಂದ ಕಾಯಿಸೋರು. ಕರೆಂಟ್ ಹೋಗಿದ್ರೂ ಬಾಗಿಲು ಮುಂದೆ ಮಾಡ್ಕೊಂಡು ಒಳಗೆ ಕತ್ತಲೆಯಲ್ಲೇ ಕೂರೋರು, ಕೆಂಡದ ಬಣ್ಣ ಬಿಸಿಲಲ್ಲಿ ಸುಳ್ಳು ಹೇಳುತ್ತೆ ಅಂತ.

ಹಾರ್ಡ್‌ವೇರ್ ಅಂಗಡಿಲಿ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಕೇಳು, ಒಂದು ಕಡೆ ಒರಟು, ಒಂದು ಕಡೆ ನುಣುಪು. ನೀರು ಹಾಕು. ಅಲಗನ್ನ ಕಲ್ಲಿನ ಮೇಲೆ ನೇರ ನಿಲ್ಲಿಸು, ಅದು 90. ಅರ್ಧ ಬಾಗಿಸು, 45. ಅದರಲ್ಲಿ ಅರ್ಧ, 22 ಚಿಲ್ಲರೆ. ಅಲ್ಲಿಂದ ಒಂಚೂರು ಇಳಿಸಿದ್ರೆ 20, ಅಷ್ಟೇ ಬೇಕಿರೋದು. ಕೋನ ಸರಿ ಐತಾ ಅಂತ ನೋಡೋಕೆ ಅಂಚಿಗೆ ಸ್ಕೆಚ್ ಪೆನ್ ಬಳಿದು ಎರಡು ಸಲ ಎಳಿ. ಬಣ್ಣ ಅಂಚಿನ ತುದೀಲಿ ಅಳಿಸಿದ್ರೆ ಸರಿ. ಮೇಲ್ಗಡೆ ಮಾತ್ರ ಅಳಿಸಿದ್ರೆ ತೀರ ಮಲಗಿಸಿದೀಯ ಅಂತ. ಒಂದು ಕಡೆ ಉಜ್ತಾ ಹೋದ್ರೆ ಇನ್ನೊಂದು ಕಡೆ ಅಂಚು ಸಣ್ಣಗೆ ಮಗುಚಿಕೊಳ್ಳುತ್ತೆ, ಲೇತಿನವರು ಬರ್ ಅಂತೀವಿ. ಬೆನ್ನಿಂದ ಅಂಚಿನ ಕಡೆಗೆ ಹೆಬ್ಬೆರಳು ಸವರಿದ್ರೆ ತಡೆಯುತ್ತೆ. ಉದ್ದಕ್ಕೂ ಅದು ಬರೋವರೆಗೂ ಕಡೆ ಬದಲಾಯಿಸಬೇಡ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಒಳಮೈಗೆ ಅಲಗಿನ ಬೆನ್ನು ಮುಂದಾಗಿ ಹತ್ತು ಸಲ ಎಳೆದ್ರೆ ಬರ್ ಉದುರುತ್ತೆ. ಮನೇಲಿ ಕಲ್ಲಿಲ್ಲದ ದಿನ ಪಿಂಗಾಣಿ ಕಪ್ಪಿನ ತಳದ ಒರಟು ಅಂಚೂ ಆಗುತ್ತೆ.

ಹಲಸಿನ ಕಾಲದಲ್ಲಿ ಹುಷಾರು. ಚೇಳೂರು ಸಂತೆಯಿಂದ ಹಣ್ಣು ತಂದು ಮಡಿಚೋ ಚಾಕೂಲಿ ಕೊಯ್ದೋನು ಕೆಟ್ಟ. ಆ ಮೇಣ ಕೀಲಿಗೆ ಹೋದ್ರೆ ಸೀಮೆಎಣ್ಣೇಲಿ ನೆನೆಸಿದ್ರೂ ಸುಲಭಕ್ಕೆ ಬಿಡಲ್ಲ. ಹಲಸಿಗೆ ಎಣ್ಣೆ ಸವರಿದ ಮಚ್ಚು.

---

ದೊಡ್ಡಬಳ್ಳಾಪುರ ರಸ್ತೆ

ಬಸ್ಸಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆಯುಧ ನಿಯಮಗಳ ಪಟ್ಟಿಯಲ್ಲಿ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕು, ಅದರಲ್ಲೂ ಮನೆಬಳಕೆ, ಬೇಸಾಯಕ್ಕೆ ಮಾಡಿದ್ದನ್ನ ಬಿಟ್ಟು. ಓಪಿನೆಲ್ 8 ಮೂರೂವರೆ ಇಂಚೂ ಇಲ್ಲ. ಬಸ್ಸಲ್ಲಿ ಬ್ಯಾಗಿನ ತಳದಲ್ಲಿ, ಅಡುಗೆ ಸಾಮಾನಿನ ಜೊತೆ ಇಡಿ. ಸೊಂಟಕ್ಕೆ ಸಿಕ್ಕಿಸಿಕೊಂಡು ಜಾತ್ರೆ, ಮೆರವಣಿಗೆ ಅಂತ ಓಡಾಡಿದ್ರೆ ಪೊಲೀಸರು ಕೇಳೇ ಕೇಳ್ತಾರೆ, ಕೇಳೋದು ಸರೀನೂ ಹೌದು. ಮಾದಾವರದಲ್ಲಿ ಬೆಂಗಳೂರು ಮೆಟ್ರೊ ಹತ್ತೋ ಪ್ಲಾನ್ ಇದ್ರೆ ಚಾಕು ಮನೇಲೇ ಬಿಡಿ. ಸ್ಕ್ಯಾನರಲ್ಲಿ ಕಂಡ್ರೆ ಒಳಗೆ ಬಿಡಲ್ಲ. ನನ್ನದೊಂದು ಹೀಗೇ ಹೋಯ್ತು. ಆಫೀಸ್ ಬ್ಯಾಗಲ್ಲಿ ಇದ್ದಿದ್ದೇ ಮರೆತಿದ್ದೆ, ಹಿಂದೆ ಸಾಲಲ್ಲಿ ಐವತ್ತು ಜನ, ಕೊಟ್ಟು ನಡೆದೆ. ವಿಮಾನಕ್ಕೆ ಕೈಚೀಲದಲ್ಲಿ ಇಲ್ಲ, ಲಗೇಜಿಗೆ ಹಾಕಬಹುದು.

---

ಕೊರಟಗೆರೆ ಕಡೆಯವ

ಐದು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಓಪಿನೆಲ್ 8, ಸ್ಟೇನ್‌ಲೆಸ್. ಉಳಿದ ದುಡ್ಡಲ್ಲಿ ಕೈಗರಗಸ ಒಂದು, ಮಡಿಚೋದು, ಕೊಂಬೆ ಸವರೋರು ಬಳಸೋದು. ಚಾಕು ಮೊದಲ ಸಲ ಕೈಗೆ ಬಂದಾಗ ಮೋಸ ಹೋದೆ ಅನ್ನಿಸ್ತು. ಐವತ್ತು ಗ್ರಾಂ ಕೂಡ ಇಲ್ಲ, ಆಟದ ಸಾಮಾನಿನ ಥರ. ಟೊಮೆಟೊ ಹೆಚ್ಚಿದ ಮೇಲೆ ಆ ಮಾತು ವಾಪಸ್ ತಗೊಂಡೆ.

ಗೂಟಕ್ಕೆ ಹೊಂಗೆ ಕೊಂಬೆ ಸಿಕ್ತು, ಗರಗಸದಲ್ಲಿ ತುಂಡು ಮಾಡಿ ಚಾಕೂಲಿ ಮೊನೆ ಕೆತ್ತಿದೆ, ಆರು ಗೂಟ. ನಾಲ್ಕನೇದರ ಹೊತ್ತಿಗೆ ಕೈಗೆ ಲೆಕ್ಕ ಸಿಕ್ತು. ತೋಳಿಂದ ತಳ್ಳೋದಲ್ಲ, ಚಾಕು ಹಿಡಿದ ಮುಷ್ಟಿಯನ್ನ ಮಂಡಿಗೆ ಆನಿಸಿ ಕಡ್ಡಿಯನ್ನ ಹಿಂದಕ್ಕೆ ಎಳೆಯೋದು. ಚಕ್ಕೆ ಎಬ್ಬಿಸೋಕೆ ಒಣ ನೀಲಗಿರಿ ಆಗಲೇ ಇಲ್ಲ, ನಾರು ತಿರುಚಿಕೊಂಡು ಹೋಗುತ್ತೆ. ಬೇವು ಪರವಾಗಿಲ್ಲ. ಕೊನೆಗೆ ಗೆಳೆಯನ ಅಜ್ಜಿ ಬಂದು ನೋಡಿ, ಒಂದು ಹಿಡಿ ತೆಂಗಿನ ನಾರು ತುರುಕಿ ಒಂದೇ ಕಡ್ಡಿಗೆ ಒಲೆ ಹತ್ತಿಸಿ, "ಇದಕ್ಕೆ ಇಷ್ಟೊತ್ತು ಕೆತ್ತುತಿದ್ರಾ" ಅಂತ ಹೋದ್ರು. ಮರದ ಚಮಚ ಚಮಚ ಆಗಲಿಲ್ಲ, ಒಳಗೆ ತೋಡೋಕೆ ನೆಟ್ಟಗಿನ ಅಲಗು ಬಗ್ಗಲ್ಲ. ಅಡಿಕೆ ಹಾಳೆ ಕೊಯ್ದು ಮಡಿಚಿ ಸೌಟು ಮಾಡಿದೆ, ಅದರಲ್ಲೇ ಸಾರು ಬಡಿಸಿದ್ವಿ.

ಸೌದೆ ಮಚ್ಚಲ್ಲೇ ಸೀಳಿದ್ವಿ ಅಣ್ಣಾ. ಆಸೆ ಆಗಿತ್ತು, ಮಾಡಲಿಲ್ಲ.

ಮಳೆ ಬಂದ ರಾತ್ರಿ ಉಬ್ಬಿ ಸಿಕ್ಕಿಕೊಳ್ತು. ಅಕ್ಕ ಹೇಳಿದ ಹಾಗೆ ಬಳೆ ತಿರುಗಿಸಿ ಚಪ್ಪಡಿಗೆ ಕುಟ್ಟಿದೆ, ಮೂರನೇ ಏಟಿಗೆ ತಲೆ ಎತ್ತಿತು. ಅಮ್ಮನ ಚಾಕು ಅಡುಗೆಮನೆಗೆ ವಾಪಸ್ ಸೇರಿದೆ, ರೇನ್‌ಕೋಟಿಗೆ ತೇಪೆ ಹಾಕಿಸಿದೆ. ಹಿಂದೆ ಕೂರೋನು ಮತ್ತೆ ನನ್ನ ಬೈಕ್ ಹತ್ತಿದ, ಹತ್ತೋಕೆ ಮೊದಲು ಬ್ಯಾಗು ತಟ್ಟಿ ನೋಡ್ತಾನೆ.

---

ಕುಲುಮೆ ಮನೆಯವ

ಸರಿ. ಕೀಲಿಗೆ ಎಣ್ಣೆ ಬಿಟ್ಟಿದ್ಯಾ? ಕೊಬ್ಬರಿ ಎಣ್ಣೆ ಬಿಡಬೇಡ, ಚಳಿಗೆ ಹೆಪ್ಪುಗಟ್ಟುತ್ತೆ.

---

ಕೊರಟಗೆರೆ ಕಡೆಯವ

ಕೊಬ್ಬರಿ ಎಣ್ಣೆನೇ ಬಿಟ್ಟಿದ್ದೆ ಅಣ್ಣಾ. ಈಗ ಒರೆಸ್ತಿದೀನಿ. ಅಮ್ಮನ ಹೊಲಿಗೆ ಮಿಷನ್ ಎಣ್ಣೆ ಆಗುತ್ತಾ?

---

ಕುಲುಮೆ ಮನೆಯವ

ಆಗುತ್ತೆ. ಒಂದೇ ಹನಿ. ತರಕಾರಿ ಹೆಚ್ಚೋಕೆ ಮುಂಚೆ ಅಲಗು ಒರೆಸ್ಕೋ.